ಗಣಿ ಮುಚ್ಚಿದ ಮೇಲೆ ನಕ್ಷೆ ಬರೆಯುವವರು ಯಾರು?

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಬಂಗಾರಪೇಟೆ ದಾಟಿ ಬೆಂಗಳೂರು ಸೇರುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಕೃಷ್ಣರಾಜಪುರದಲ್ಲಿ ಕೆಲವರು, ಬೈಯಪ್ಪನಹಳ್ಳಿಯಲ್ಲಿ ಕೆಲವರು, ದಂಡು ನಿಲ್ದಾಣದಲ್ಲಿ ಇನ್ನು ಕೆಲವರು ಇಳಿಯುತ್ತಾರೆ. ಹಲಸೂರು, ಇಂದಿರಾನಗರ, ಜೀವನ್ ಬಿಮಾ ನಗರಗಳ ಕಚೇರಿ, ಅಂಗಡಿಗಳಲ್ಲಿ ದಿನವಿಡೀ ದುಡಿದು ರಾತ್ರಿ ಮತ್ತೆ ಸುಮಾರು ನೂರು ಕಿಲೋಮೀಟರ್ ಹಿಂದಿರುಗುವ ಇವರಲ್ಲಿ ಅನೇಕರು ಕೋಲಾರ ಚಿನ್ನದ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಅವರ ಊರಿನಲ್ಲಿ ಈಗ ಗಣಿ ನಡೆಯುತ್ತಿಲ್ಲ. ಗಣಿ ಬಿಟ್ಟುಹೋದ ಬೂದು ಬಣ್ಣದ ಗುಡ್ಡಗಳಿವೆ. ಊರವರು ಅವನ್ನು 'ಸೈನೈಡ್ ಗುಡ್ಡ' ಎನ್ನುತ್ತಾರೆ.

ಈ ಗಣಿಗೂ ಬೆಂಗಳೂರಿನ ದಂಡು ಪ್ರದೇಶಕ್ಕೂ ಇರುವ ನಂಟು ಹಳೆಯದು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸಂಸ್ಥಾನದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು 1802ರಲ್ಲಿ ಕಂಡು ದಾಖಲಿಸಿದ. ಸುಮಾರು ಏಳು ದಶಕಗಳ ನಂತರ ಆ ಬರಹದ ಜಾಡು ಹಿಡಿದವನು ಮೈಕೆಲ್ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಅವನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ ಗಣಿ ಅಗೆಯುವ ಹಕ್ಕು ಪಡೆದ; ಬಂಡವಾಳ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆ ಗಣಿ ಬೆಳೆಯಿತು. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಮೊದಲು ತಲುಪಿದ್ದು ಇಲ್ಲಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಭೂಮಿಯ ಕೆಳಗೆ ಯಾವ ಸುರಂಗ ಎಲ್ಲಿಗೆ ಹೋಗಿದೆ, ಅದಿರಿನ ಪಟ್ಟೆ ಎತ್ತ ತಿರುಗಿದೆ ಎಂಬುದನ್ನೆಲ್ಲ ಸರ್ವೆಯರುಗಳು ನಕ್ಷೆಯಲ್ಲಿ ಗುರುತಿಸುತ್ತ ಹೋದರು. ನಕ್ಷೆಯಿಲ್ಲದೆ ಚಿನ್ನ ಸಿಗುವುದಿಲ್ಲ. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಅಂದಾಜು 800 ಟನ್.

ಅಷ್ಟು ಚಿನ್ನಕ್ಕಾಗಿ ಒಡೆದ ಕಲ್ಲು ಕೋಟಿಗಟ್ಟಲೆ ಟನ್. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆತ ನೀರಿನಲ್ಲಿ ನೆನೆಸಿದರೆ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದ ವಿಧಾನ ಇದು. ಚಿನ್ನ ತೆಗೆದ ಮೇಲೆ ಉಳಿಯುವ ಕೆಸರನ್ನು ಬಯಲಿಗೆ ಸುರಿಯಲಾಯಿತು. ಅದು ಒಣಗಿ, ಪದರದ ಮೇಲೆ ಪದರ ಸೇರಿ ಗುಡ್ಡವಾಯಿತು. ಈಗ ಅಂಥ 13 ಗುಡ್ಡಗಳಿವೆ. ಒಟ್ಟು ತೂಕ ಸುಮಾರು 3 ಕೋಟಿ 30 ಲಕ್ಷ ಟನ್, ಹರಡಿರುವ ನೆಲ ಸಾವಿರ ಎಕರೆ.

ಬಿಸಿಲು, ಗಾಳಿಗೆ ಸೈನೈಡ್ ಕ್ರಮೇಣ ಒಡೆದು ಹೋಗುತ್ತದೆ. ಆದ್ದರಿಂದ ಗುಡ್ಡದ ಹೆಸರಿನಲ್ಲಿರುವ ವಿಷವೊಂದೇ ಚಿಂತೆಯ ವಿಷಯವಲ್ಲ. ಕಲ್ಲಿನ ಜೊತೆಗಿದ್ದ ಗಂಧಕದ ಸಂಯುಕ್ತಗಳು ಮಳೆ ನೀರು, ಗಾಳಿಯ ಸಂಪರ್ಕದಲ್ಲಿ ಆಮ್ಲವಾಗಬಲ್ಲವು. ಆ ಆಮ್ಲ ಭಾರಲೋಹಗಳನ್ನು ಕರಗಿಸಿ ಕೆಳಕ್ಕೆ ಒಯ್ಯಬಲ್ಲದು. ಅರೆದ ಬೆಣಚುಕಲ್ಲಿನ ನಯವಾದ ಧೂಳು ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಆಷಾಢದ ಗಾಳಿ ಬೀಸಿದಾಗ ಗುಡ್ಡದ ಧೂಳು ಕಾರ್ಮಿಕರ ಲೈನ್ ಮನೆಗಳ ಅಂಗಳದವರೆಗೆ ಹಾರಿ ಬರುತ್ತದೆ.

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಗಣಿ ಮುಚ್ಚುವವರು ನೆಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಎರಡು ವರ್ಷ ತಡ.

ಬಿಟ್ಟುಹೋದ ಗಣಿಯನ್ನು ಶುಚಿಗೊಳಿಸುವ ಕೆಲಸ ಎಲ್ಲಿಂದ ಶುರುವಾಗಬೇಕು? ಇದಕ್ಕೆ ಅಮೆರಿಕದ ನವಾಹೊ ಬುಡಕಟ್ಟಿನ ನಾಡಿನಲ್ಲಿ ಒಂದು ಉತ್ತರವಿದೆ. 1944ರಿಂದ 1986ರವರೆಗೆ ಅಲ್ಲಿ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ಅಗೆಯಲಾಯಿತು. ಬೇಡಿಕೆ ಕುಸಿದಾಗ ಕಂಪೆನಿಗಳು ಎದ್ದುಹೋದವು. ಗಣಿಯ ಕಲ್ಲಿನಿಂದ ಜನ ಮನೆ ಕಟ್ಟಿಕೊಂಡಿದ್ದರು. ಯುರೇನಿಯಂ ಚಿನ್ನದಂತಲ್ಲ, ಅದರ ವಿಕಿರಣ ಕಣ್ಣಿಗೆ ಕಾಣದು. ಎಲ್ಲಿ ಗಣಿಯಿತ್ತು ಎಂಬುದೇ ಅನೇಕ ಕಡೆ ಮರೆತುಹೋಗಿತ್ತು.

ಅದಕ್ಕಾಗಿ ಅಧಿಕಾರಿಗಳು ಮೊದಲು ಹಳೆಯ ಕಡತಗಳನ್ನು ತೆಗೆದರು. 1990ರ ದಶಕದಲ್ಲಿ ಹೆಲಿಕಾಪ್ಟರಿನಿಂದ ಗಾಮಾ ಕಿರಣಗಳನ್ನು ಅಳೆದು, ವಿಕಿರಣ ಹೆಚ್ಚಿರುವ ಜಾಗಗಳನ್ನು ಗುರುತಿಸಿದರು. 2007ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ನಕ್ಷೆ ಸಂಪುಟವನ್ನೇ ಹೊರತಂದಿತು. ಗಣಿ ಎಲ್ಲಿದೆ ಎಂಬುದರ ಜೊತೆಗೆ ಮನೆ, ಬಾವಿಗಳು ಎಲ್ಲಿವೆ ಎಂಬುದನ್ನೂ ಪರಿಶೀಲಿಸಿದ್ದರಿಂದ ಯಾವುದನ್ನು ಮೊದಲು ಶುಚಿಗೊಳಿಸಬೇಕೆಂದು ನಿರ್ಧರಿಸಲು ಸಾಧ್ಯವಾಯಿತು. ಗುರುತಿಸಿದ ಗಣಿಗಳು 500ಕ್ಕೂ ಹೆಚ್ಚು. ಗಣಿ ನಡೆಸಿದ್ದ ಕಂಪೆನಿ ಯಾವುದೆಂದು ತಿಳಿದ ಕಡೆ ಖರ್ಚನ್ನೂ ಕೇಳಲಾಯಿತು. ಒಂದೇ ಪ್ರಕರಣದಲ್ಲಿ ಸುಮಾರು 50 ಗಣಿಗಳ ಶುದ್ಧಿಗೆ ನೂರು ಕೋಟಿ ಡಾಲರ್‌ನಷ್ಟು ಹಣ ದೊರೆಯಿತು. ಆ ಒಪ್ಪಂದ 2015ರಲ್ಲಿ ಜಾರಿಗೆ ಬಂತು. ಕೆಲಸ ಇನ್ನೂ ಮುಗಿದಿಲ್ಲ. ಆದರೆ ಎಲ್ಲಿ ಮುಗಿದಿಲ್ಲ ಎಂಬುದು ನಕ್ಷೆಯಲ್ಲಿದೆ.

ಕೋಲಾರದ ಗುಡ್ಡಗಳಿಗೂ ಈಗ ಲೆಕ್ಕ ಹಾಕುವ ಕಾಲ ಬಂದಿದೆ. ಒಂದು ಟನ್ ಮಣ್ಣಿನಲ್ಲಿ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆ. ಹೊಸ ತಂತ್ರದಿಂದ ಅದನ್ನೂ ತೆಗೆಯಬಹುದೆಂದು, ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯೋಗದ ಆಸೆ ಊರಿನಲ್ಲಿ ಚಿಗುರುವುದು ಸಹಜ. ಆದರೆ ಗುಡ್ಡವನ್ನು ಮತ್ತೆ ಕೆದಕಿದರೆ ಧೂಳೂ ಮತ್ತೆ ಏಳುತ್ತದೆ. ಯಾವ ಗುಡ್ಡದಲ್ಲಿ ಎಷ್ಟು ಚಿನ್ನವಿದೆ ಎಂಬ ಪಟ್ಟಿಯ ಪಕ್ಕದಲ್ಲೇ ಗಾಳಿ ಎತ್ತ ಬೀಸುತ್ತದೆ, ಮಳೆ ನೀರು ಯಾವ ಕೆರೆಗೆ ಇಳಿಯುತ್ತದೆ, ಹತ್ತಿರದ ಮನೆ ಎಷ್ಟು ದೂರದಲ್ಲಿದೆ ಎಂಬುದೂ ಇರಬೇಕಾಗುತ್ತದೆ.

ಈ ಪಾಠ ಚಿನ್ನಕ್ಕಷ್ಟೇ ಸೀಮಿತವಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿ, ನೆಲ ಕೊರೆದು ಪರಿಶೋಧನೆಯೂ ನಡೆದಿದೆ. ಗಣಿ ತೆರೆಯುವ ಮೊದಲೇ ಅಲ್ಲಿನ ಬಾವಿ, ಹೊಲ, ಹಳ್ಳಗಳ ಸ್ಥಿತಿಯನ್ನು ಬರೆದಿಟ್ಟುಕೊಂಡರೆ ಮುಂದೆ ಏನು ಕೆಟ್ಟಿತೆಂದು ಹೇಳಲು ಆಧಾರವಿರುತ್ತದೆ. ಕೋಲಾರದಲ್ಲಿ ಚಿನ್ನದ ನಕ್ಷೆ ಬರೆಯಲು ಕಂಪೆನಿಗಳಿದ್ದವು. ಗುಡ್ಡದ ಬುಡದಲ್ಲಿ ಬದುಕುವವರ ನಕ್ಷೆ ಬರೆಯುವ ಹೊಣೆ ಮಾತ್ರ ಸರ್ಕಾರದ್ದು.