ಬ್ಯಾಂಬೂ ಕನ್ನಡದ್ದೇ?

ಇಂಗ್ಲಿಷಿನಲ್ಲಿ ಬ್ಯಾಂಬೂ, ಡ್ಯಾನಿಶ್‌ನಲ್ಲಿ ಬಾಂಬುಸ್. ಇದರ ಮೂಲ ಮಲಯ ಎನ್ನುವವರು ಹೆಚ್ಚು. ಬಹುಶಃ ಕನ್ನಡ ಎಂದು ಸೇರಿಸುವವರೂ ಇದ್ದಾರೆ. ನಮಗೆ ಹಿತವಾದ ಮಾತು, ಅದಕ್ಕೇ ತುಸು ಅನುಮಾನದಿಂದ ನೋಡಬೇಕು.

ಮೊದಲ ಸಾಕ್ಷಿಯೇ ತಿರುಗಿಬೀಳುತ್ತದೆ. ಕುಂದಗೋಳದ ಕಡೆ ಮೇದಾರರು ಸೀಳಿ ಬುಟ್ಟಿ ಹೆಣೆಯುವುದು ಬಿದಿರನ್ನು. ತಮಿಳಿನ ವೆದಿರ್, ತೆಲುಗಿನ ವೆದುರು ಈ ಮಾತಿನ ಒಡಹುಟ್ಟುಗಳು. ಬೊಂಬು ಎಂಬುದೂ ಕನ್ನಡದಲ್ಲಿದೆ, ನಿಜ. ಅದು ಇಲ್ಲಿಂದ ಹೋದದ್ದೋ, ಹೊರಗಿನಿಂದ ಬಂದದ್ದೋ ಎಂಬುದೇ ತಕರಾರು; ಅದನ್ನೇ ಸಾಕ್ಷಿಗೆ ಕರೆಯುವಂತಿಲ್ಲ.

1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಕನ್ನಡದ ಸರಿಯಾದ ರೂಪ ‘ಬನ್ವು’ ಎಂದು ನಂಬುತ್ತಾರೆ. ಬರ್ನೆಲ್ ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವನು, ಸುಮ್ಮನೆ ತಳ್ಳಿಹಾಕಲಾಗದು. ಆದರೂ ನಂಬಿಕೆ ಪುರಾವೆಯಲ್ಲ.

ಹಾಗಾದರೆ ಮಲಯವೇ ಗೆದ್ದಿತೇ? ಅಲ್ಲಿಯೂ ಅದೇ ಪೇಚು. ಮಲಯದಲ್ಲಿ ಬಿದಿರಿಗೆ ರೂಢಿಯ ಮಾತು ಬುಲುಹ್. ಮೂಲವೆಂದು ತೋರಿಸುವ ‘ಸೆಮಾಂಬು’ ಬಿದಿರೇ ಅಲ್ಲ, ಊರುಗೋಲಿಗೆ ಬಳಸುವ ಒಂದು ಜಾತಿಯ ಬೆತ್ತ. (ಸುಡುವಾಗ ಗಿಣ್ಣು ಸಿಡಿದು ‘ಬಂಬು’ ಎನ್ನುತ್ತದಂತೆ, ಅದರಿಂದ ಈ ಹೆಸರು ಎಂದು ಸಸ್ಯಶಾಸ್ತ್ರಜ್ಞ ರಂಫಿಯಸ್ ಸೂಚಿಸಿದ್ದಾನೆ. ಕೇಳಲು ಚೆಂದ.)

ದಾರಿ ತೆರೆದದ್ದು ಡ್ಯಾನಿಶ್ ಪದದ ಕೊನೆಯ ‘ಸ್’. ಡಚ್ಚರ ‘ಬಾಂಬೂಸ್’ನಲ್ಲಿಯೂ ಅದಿದೆ, 1586ರ ಸುಮಾರಿಗೆ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ ಬರೆದದ್ದೂ ‘ಬಂಬೋಸ್’. ಪೋರ್ಚುಗೀಸರ ಬಹುವಚನ ಡಚ್ಚರ ಬಾಯಲ್ಲಿ ಏಕವಚನವಾಗಿ ಡೆನ್ಮಾರ್ಕಿಗೆ ಹೋಗಿರಬೇಕು. ಇಂಗ್ಲಿಷರು ಆ ‘ಸ್’ ಅನ್ನು ತಮ್ಮದೇ ಬಹುವಚನವೆಂದು ಬಗೆದು ಕತ್ತರಿಸಿರಬೇಕು. ಇದು ಊಹೆ, ಆದರೆ ಮೂರೂ ರೂಪಗಳನ್ನು ಒಟ್ಟಿಗೆ ವಿವರಿಸುವ ಊಹೆ.

ಪೋರ್ಚುಗೀಸರಿಗೆ ಸಿಕ್ಕಿದ್ದೆಲ್ಲಿ? 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವೈದ್ಯ ಗಾರ್ಸಿಯಾ ದ ಓರ್ತಾ ವಂಶಲೋಚನವನ್ನು, ಅಂದರೆ ಬಿದಿರಿನ ಟೊಳ್ಳಿನಲ್ಲಿ ಗಟ್ಟಿಯಾಗುವ ಬಿಳಿ ಔಷಧಿಯನ್ನು, ‘ಸಕರ್ ಮಂಬು’ ಎಂದು ದಾಖಲಿಸುತ್ತಾನೆ. ಮಂಬು ಎಂದರೆ ಇಲ್ಲಿನವರ ಮಾತಿನಲ್ಲಿ ಆ ಗಳ ಎಂದೂ ಹೇಳುತ್ತಾನೆ. ಇಲ್ಲಿನವರೆಂದರೆ ಕನ್ನಡದವರೋ ಕೊಂಕಣಿಯವರೋ, ಅದು ಅವನ ಮಾತಿನಿಂದ ತೀರ್ಮಾನವಾಗದು. 1511ರಲ್ಲೇ ಪೋರ್ಚುಗೀಸರು ಮಲಾಕ್ಕಾ ಹಿಡಿದಿದ್ದರಿಂದ, ಪದ ಅಲ್ಲಿಂದ ಹಡಗೇರಿ ಗೋವೆಗೆ ಬಂದಿರಲೂಬಹುದು.

ಪಶ್ಚಿಮ ಕರಾವಳಿಯ ಹಕ್ಕು ಇಷ್ಟರಿಂದ ಗಟ್ಟಿಯಾಗುತ್ತದೆ, ಕನ್ನಡದ್ದು ಅಷ್ಟಾಗಿ ಅಲ್ಲ. 1511ಕ್ಕಿಂತ ಹಿಂದಿನ ಒಂದು ಕನ್ನಡ ಶಾಸನದಲ್ಲೋ ಓಲೆಯಲ್ಲೋ ಬಂಬು, ಬನ್ವು ಸಿಕ್ಕರೆ ಈ ತೂಕ ಬದಲಾಗುತ್ತದೆ.