ಬಿಸಿಲಿಗೆ ಬದಲಾಗಿ ತಂತಿ: ಸಾಕುಹಾವಿನ ಗೂಡಿಗೆ ಶಾಖ ಕೊಡುವ ವಿದ್ಯೆ ಬೆಳೆದ ಬಗೆ

ತಾಪಿ ನದಿ ಕಡಲು ಸೇರುವ ಹಜೀರಾದಿಂದ ವಡೋದರಾ ದಾಟಿ ಅಹಮದಾಬಾದ್‌ವರೆಗಿನ ಸೀಮೆಯಲ್ಲಿ ಹಾವು ಸಾಕುವವರಿಗೆ ವರ್ಷಕ್ಕೆ ಎರಡು ಪರೀಕ್ಷೆ. ಅಹಮದಾಬಾದಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. 2016ರ ಮೇ ತಿಂಗಳಲ್ಲಿ ಅದೇ ಊರು 48 ಡಿಗ್ರಿ ಕಂಡಿತ್ತು. ಹಾವಿನ ಜೀರ್ಣಶಕ್ತಿ, ರೋಗ ತಡೆಯುವ ಶಕ್ತಿ, ಚಲನೆ ಎಲ್ಲವೂ ಹೊರಗಿನ ಶಾಖವನ್ನೇ ನಂಬಿಕೊಂಡಿವೆ. ಮೈ ತಣ್ಣಗಾದರೆ ನುಂಗಿದ ಇಲಿಯನ್ನೂ ಅದು ಕಕ್ಕಿಬಿಡುತ್ತದೆ. ಕಾಡಿನಲ್ಲಿ ಬಿಸಿಲಿಗೆ ಬಂದು, ಬಿಲಕ್ಕೆ ಸರಿದು ತನಗೆ ಬೇಕಾದಷ್ಟು ಬಿಸಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಆ ಹೊಣೆ ಸಾಕಿದವರದು.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. ಹವ್ಯಾಸಿಗಳ ಬಳಿ ಇರುವುದು ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವುಗಳು. ಬಾಲ್ ಪೈಥಾನ್‌ನಂತೆ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಪ್ರಾಣಿಗಳನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕೋಣೆಯಿಂದ ಮೂಲೆಗೆ

ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಅಂಥ ಮನೆಗಳಲ್ಲಿ ಆಗ ತಿಳಿದಿದ್ದ ಉಪಾಯ ಒಂದೇ: ಇಡೀ ಕಟ್ಟಡವನ್ನು ಕಾಯಿಸುವುದು. ಮರುಭೂಮಿಯ ಹಾವಿಗೂ ಮಳೆಕಾಡಿನ ಹಾವಿಗೂ ಒಂದೇ ಬಿಸಿ. ಅದೇ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆ ಜೋನ್ ಪ್ರಾಕ್ಟರ್ ಈ ರೂಢಿ ಮುರಿದರು. ಅವರು ರೂಪಿಸಿದ ಹೊಸ ಮನೆ 1927ರಲ್ಲಿ ತೆರೆದಾಗ, ವಿದ್ಯುತ್ತಿನಿಂದ ಒಂದೊಂದು ಗೂಡಿಗೂ ಬೇರೆ ಬೇರೆ ಶಾಖ ಕೊಡುವ ಏರ್ಪಾಡು ಅಲ್ಲಿತ್ತು.

ಅದರ ಹಿಂದಿನ ವಿಜ್ಞಾನ ಸ್ಪಷ್ಟವಾದದ್ದು ಆಮೇಲೆ. ವಿಜ್ಞಾನಿಗಳಾದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲಿ ಮರುಭೂಮಿಯ ಸರೀಸೃಪಗಳ ಅಧ್ಯಯನ ಪ್ರಕಟಿಸಿ, ಅವು ಬಿಸಿಲು ನೆರಳುಗಳ ನಡುವೆ ಓಡಾಡುತ್ತ ಮೈಬಿಸಿಯನ್ನು ಕಿರಿದಾದ ಮಿತಿಯೊಳಗೆ ಕಾಯ್ದುಕೊಳ್ಳುತ್ತವೆಂದು ತೋರಿಸಿದರು. 1989ರಲ್ಲಿ ಜೀವವಿಜ್ಞಾನಿ ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಗಾರ್ಟರ್ ಹಾವುಗಳು ಅಡಗುವ ಕಲ್ಲುಗಳನ್ನೇ ಅಳೆದರು. ತೆಳುಕಲ್ಲು ಹಗಲಲ್ಲಿ ಸುಡುತ್ತದೆ, ತೀರಾ ದಪ್ಪ ಕಲ್ಲು ಬಿಸಿಯೇ ಆಗುವುದಿಲ್ಲ. ಹಾವುಗಳು ಹೆಚ್ಚಾಗಿ ಆರಿಸಿಕೊಂಡದ್ದು ಮಧ್ಯಮ ದಪ್ಪದ ಕಲ್ಲುಗಳನ್ನು. ಹಾವಿಗೆ ಬೇಕಾದದ್ದು ಒಂದು ಅಂಕಿಯ ಬಿಸಿ ಅಲ್ಲ, ಆಯ್ಕೆ.

ಹೆಬ್ಬಾವು ಕಲಿಸಿದ್ದು

ಈ ಚರಿತ್ರೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಬಂಗಾಳದಲ್ಲಿದ್ದ ಫ್ರೆಂಚ್ ನಿಸರ್ಗಪ್ರಿಯ ಲಾಮಾರ್-ಪಿಕೋ, ಮೊಟ್ಟೆ ಸುತ್ತಿ ಕೂತ ಹೆಬ್ಬಾವಿನ ಮೈ ಬೆಚ್ಚಗಿರುತ್ತದೆ ಎಂದು 1832ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರಿಗೆ ತಿಳಿಸಿದಾಗ ಅವರು ನಂಬಲಿಲ್ಲ. 1841ರಲ್ಲಿ ಪ್ಯಾರಿಸ್ಸಿನಲ್ಲೇ ಪ್ರಾಣಿವಿಜ್ಞಾನಿ ವಾಲೆನ್ಸಿಯೆನ್ ಥರ್ಮಾಮೀಟರ್ ಇಟ್ಟು ನೋಡಿದಾಗ ಮಾತು ನಿಜವಾಯಿತು. ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿದು ತಾಯಿ ಶಾಖ ಹುಟ್ಟಿಸುತ್ತಾಳೆಂಬುದು 1966ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯಿಂದ ಖಚಿತವಾಯಿತು. ಮೊಟ್ಟೆಯ ಕಾಲದಲ್ಲಿ ಕೆಲವೇ ಡಿಗ್ರಿಗಳ ಏರುಪೇರು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗೂಡಿಗೆ ಶಾಖ ಕೊಡುವ ವಿಷಯದಲ್ಲಿ ಭಾರತದ ಹಾವಿನ ಮನೆಗಳದು ಹವೆಗೆ ತಕ್ಕ ಹಾದಿ. ಚಳಿಯೇ ಇಲ್ಲದ ಚೆನ್ನೈನ ಗಿಂಡಿ ಹಾವಿನ ಉದ್ಯಾನದಲ್ಲಿ ಬಯಲು ಗುಂಡಿಗೆ ಬಿಸಿಲೇ ಸಾಕು. ಗುಜರಾತಿನ ಮಾತು ಬೇರೆ. ವಡೋದರಾದಲ್ಲಿ 1879ರ ಸಯಾಜಿಬಾಗ್, ಅಹಮದಾಬಾದಿನಲ್ಲಿ ರೂಬೆನ್ ಡೇವಿಡ್ 1951ರಲ್ಲಿ ಕಟ್ಟಿದ ಕಾಂಕರಿಯಾ, ಸೂರತ್ತಿನಲ್ಲಿ ಸರ್ಥಾಣಾ ಮೃಗಾಲಯಗಳಿವೆ. ಉತ್ತರದ ಗಾಳಿ ಬೀಸುವ ಇಂಥ ಕಡೆ ಚಳಿಗಾಲಕ್ಕೆ ಹಾವಿನ ಗೂಡಿಗೆ ಬಲ್ಬು ಬೇಕು, ಬೇಸಿಗೆಗೆ ತಂಪೂ ಬೇಕು.

ಬಿಸಿಕಲ್ಲಿನಿಂದ ಥರ್ಮೋಸ್ಟಾಟ್‌ಗೆ

ಹವ್ಯಾಸಿಗಳ ಮನೆಗೆ ಬಂದ ಸಾಧನಗಳಲ್ಲಿ ಹೆಚ್ಚು ಕೆಡುಕು ಮಾಡಿದ್ದು ಒಳಗೆ ತಂತಿ ಹುದುಗಿಸಿದ ಬಿಸಿಕಲ್ಲು. ಹೊಟ್ಟೆ ಸುಡುತ್ತಿದ್ದರೂ ಹಾವು ಅಲ್ಲೇ ಬಿದ್ದಿರುತ್ತದೆ. ಅಂಥ ಸುಟ್ಟಗಾಯಗಳು ಪಶುವೈದ್ಯರಿಗೆ ಹಳೆಯ ಪರಿಚಯ. ಗೂಡಿನ ಅಡಿಗೆ ಹಾಸುವ ಹೀಟ್ ಮ್ಯಾಟ್ ಕಡಿಮೆ ವಿದ್ಯುತ್ತು ಬೇಡುತ್ತದೆ, ಆದರೆ ಗಾಳಿಯನ್ನು ಬಿಸಿ ಮಾಡುವುದಿಲ್ಲ. ಸೆರಾಮಿಕ್ ಹೀಟರ್ ಬೆಳಕಿಲ್ಲದೆ ಶಾಖ ಕೊಡುವುದರಿಂದ ರಾತ್ರಿಗೆ ಒಳ್ಳೆಯದು. ಅದರ ಮೈ ತುಂಬ ಕಾಯುವುದರಿಂದ ಸುತ್ತ ಜಾಲರಿ ಇರಲೇಬೇಕು. ಹ್ಯಾಲೊಜೆನ್ ಬಲ್ಬಿನ ಕಿರಣ ಚರ್ಮದ ಆಳಕ್ಕೆ ಇಳಿಯುತ್ತದೆ, ಸೂರ್ಯನ ಶಾಖಕ್ಕೆ ಹೆಚ್ಚು ಹತ್ತಿರ. ಇತ್ತೀಚಿನ ವರ್ಷಗಳಲ್ಲಿ ಹಗಲಿಗೆ ಅದನ್ನೇ ಮೆಚ್ಚುವವರು ಹೆಚ್ಚಿದ್ದಾರೆ. ಇಷ್ಟಾದರೂ ಗೂಡನ್ನು ನಿಜವಾಗಿ ಸುರಕ್ಷಿತ ಮಾಡಿದ್ದು ಉಷ್ಣಾಂಶ ನೋಡಿ ಹೀಟರನ್ನು ಹದದಲ್ಲಿಡುವ ಥರ್ಮೋಸ್ಟಾಟ್. ಮ್ಯಾಟಿಗೆ ಆನ್-ಆಫ್ ಬಗೆಯದು ಸಾಕು, ಸೆರಾಮಿಕ್‌ಗೆ ವಿದ್ಯುತ್ತನ್ನು ತುಣುಕಾಗಿ ಬಿಡುವ ಪಲ್ಸ್, ಬಲ್ಬಿಗೆ ವಿದ್ಯುತ್ತನ್ನು ಮೆಲ್ಲಗೆ ಏರಿಳಿಸುವ ಡಿಮ್ಮರ್ ಬಗೆಯದು ಹೊಂದುತ್ತದೆ.

ಈ ಸೀಮೆಗೆ ಯಾವುದು?

ಬಾಲ್ ಪೈಥಾನ್‌ಗೆ ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ, ತಂಪು ತುದಿ 25ರ ಆಸುಪಾಸು. ಕಾರ್ನ್ ಸ್ನೇಕ್‌ಗೆ ಎರಡೂ ಕಡೆ ಎರಡು ಮೂರು ಡಿಗ್ರಿ ಕಡಿಮೆ. ಎರಡು ತುದಿಯಲ್ಲೂ ಅಡಗುತಾಣ ಬೇಕು, ಇಲ್ಲವಾದರೆ ಹಾವು ಬಿಸಿಗಾಗಿ ಆಸರೆ ಬಿಡಬೇಕು, ಇಲ್ಲವೇ ಆಸರೆಗಾಗಿ ಬಿಸಿ ಬಿಡಬೇಕು. ಹೀಟರಿನ ಶಕ್ತಿಯನ್ನು ಜನವರಿಯ ರಾತ್ರಿಯ ಲೆಕ್ಕದಲ್ಲಿ ಆರಿಸಿ, ಗೂಡಿನ ಜಾಗವನ್ನು ಮೇ ತಿಂಗಳ ಮಧ್ಯಾಹ್ನದ ಲೆಕ್ಕದಲ್ಲಿ. ಥರ್ಮೋಸ್ಟಾಟ್ ಹೀಟರನ್ನು ಬಂದ್ ಮಾಡಬಲ್ಲದು, ಕೋಣೆಯನ್ನು ತಣಿಸಲಾರದು. ಬಿಸಿಲು ಬೀಳುವ ಕಿಟಕಿಯ ಬಳಿ ಗಾಜಿನ ಪೆಟ್ಟಿಗೆ ಇಡಬೇಡಿ. ಕೋಣೆಯ ಬಿಸಿ ಬೆಚ್ಚಗಿನ ತುದಿಯ ಮಿತಿ ಮುಟ್ಟುವ ಮೊದಲೇ ಹೀಟರ್ ಪೂರ್ತಿ ಬಂದ್, ತಂಪಿನ ವ್ಯವಸ್ಥೆ ಶುರು. ಚಳಿಗಾಲದ ಒಣಗಾಳಿಗೆ ಬಲ್ಬಿನ ಬಿಸಿಯೂ ಸೇರಿದರೆ ಪೊರೆ ಸರಿಯಾಗಿ ಬಿಡುವುದಿಲ್ಲ, ಆದ್ದರಿಂದ ತೇವದ ಪಾಚಿ ತುಂಬಿದ ಒಂದು ಡಬ್ಬಿ ಇರಲಿ.

ಹಾವು ನೋವಾದರೆ ಕೂಗುವುದಿಲ್ಲ. ಅದರ ಪರವಾಗಿ ಮಾತಾಡುವುದು ಎರಡು ತುದಿಗಳಲ್ಲಿಟ್ಟ ಎರಡು ಥರ್ಮಾಮೀಟರ್‌ಗಳು ಮಾತ್ರ. ಮೊದಲು ಅವನ್ನು ಕೊಳ್ಳಿ, ಆಮೇಲೆ ಥರ್ಮೋಸ್ಟಾಟ್, ಆಮೇಲೆ ಹೀಟರ್, ಎಲ್ಲ ಸಿದ್ಧವಾಗಿ ಒಂದು ವಾರ ಉಷ್ಣಾಂಶ ನಿಂತ ಮೇಲೆಯೇ ಹಾವು. ಅಷ್ಟು ತಾಳ್ಮೆ ಇಲ್ಲದವರು ಹಾವು ಸಾಕದಿರುವುದೇ ಒಳ್ಳೆಯದು.