ಹಂದಿ ಹಾರುವ ಮಾತು

'ಪಿಗ್ಸ್ ಮೈಟ್ ಫ್ಲೈ' ಎಂಬುದು ನಡೆಯುವ ಸಂಭವವೇ ಇಲ್ಲದ ಸಂಗತಿಯ ಬಗ್ಗೆ ಇಂಗ್ಲಿಷರು ಆಡುವ ವ್ಯಂಗ್ಯದ ನುಡಿಗಟ್ಟು. ಕನ್ನಡದಲ್ಲಿ ಹೇಳುವುದಾದರೆ 'ಹಂದಿಗಳೂ ಹಾರಿಯಾವು'. ಬ್ರಿಟನ್ನಿನಲ್ಲಿ ಈ ರೂಪ ಬಳಕೆಯಲ್ಲಿದ್ದರೆ, ಅಮೆರಿಕದವರ ಬಾಯಲ್ಲಿ 'ವೆನ್ ಪಿಗ್ಸ್ ಫ್ಲೈ', ಅಂದರೆ 'ಹಂದಿ ಹಾರಿದಾಗ ನೋಡೋಣ', ಎಂಬುದೇ ಹೆಚ್ಚು.

ಎರಡರ ಧಾಟಿ ಒಂದೇ ಅಲ್ಲ. ಅಮೆರಿಕದ ರೂಪ ಖಡಾಖಂಡಿತ ನಿರಾಕರಣೆ. ಬ್ರಿಟಿಷ್ ರೂಪ ಮೇಲ್ನೋಟಕ್ಕೆ ಒಪ್ಪಿಗೆಯಂತೆ ಕಾಣುತ್ತದೆ. ವರ್ಷದಿಂದ ಸಾಲ ಬಾಕಿ ಇಟ್ಟುಕೊಂಡ ಗೆಳೆಯ 'ಮುಂದಿನ ವಾರ ಖಂಡಿತ ಕೊಡ್ತೀನಿ' ಎಂದಾಗ, ಕೇಳಿದವನು ಜಗಳ ತೆಗೆಯದೆ ಹುಬ್ಬೇರಿಸಿ ಈ ಮಾತು ಅಂದುಬಿಡುತ್ತಾನೆ. ಹಂದಿ ಹಾರುವುದೂ ಉಂಟಾದರೆ ನಿನ್ನ ದುಡ್ಡು ಬರುವುದೂ ಉಂಟು ಎಂದರ್ಥ. ಕುಟುಕು ಇರುವುದು ಹಂದಿಯಲ್ಲಲ್ಲ, 'ಮೈಟ್' ಎಂಬ ಪುಟ್ಟ ಪದದಲ್ಲಿ. ಸಲಿಗೆ ಇರುವಲ್ಲಿ ಇದು ತಮಾಷೆ. ನಿಜವಾಗಿ ಆಸೆ ಇಟ್ಟುಕೊಂಡವರ ಮುಂದೆ ಆಡಿದರೆ ಕ್ರೌರ್ಯ. ಕಚೇರಿಯ ಪತ್ರಕ್ಕಂತೂ ಒಗ್ಗದು.

ಮಾತು ಹಳೆಯದು. ಶಾಲಾ ಮಕ್ಕಳಿಗಾಗಿ ಜಾನ್ ವಿಥಲ್ಸ್ ರಚಿಸಿದ್ದ ಇಂಗ್ಲಿಷ್–ಲ್ಯಾಟಿನ್ ನಿಘಂಟಿನ 1616ರ ಆವೃತ್ತಿಯಲ್ಲಿ ಹಂದಿಗಳು ಬಾಲ ಮುಂದೆ ಮಾಡಿಕೊಂಡು ಹಾರುತ್ತವೆ ಎಂಬ ಗಾದೆ ಸಿಗುತ್ತದೆ. ಹಾರುವುದೇ ಆಗದ ಮಾತು, ಅದರಲ್ಲೂ ಹಿಮ್ಮುಖವಾಗಿ! ಬಾಲದ ಈ ಸೊಗಸು ಕಾಲಕ್ರಮದಲ್ಲಿ ಉದುರಿಹೋದದ್ದು ನಷ್ಟವೇ. 1865ರ 'ಆಲಿಸ್ ಇನ್ ವಂಡರ್‌ಲ್ಯಾಂಡ್'ನಲ್ಲಿ ಲೂಯಿಸ್ ಕೆರೊಲ್ ಹಾರುವ ಹಂದಿಯನ್ನು ಡಚೆಸ್‌ಳ ಬಾಯಲ್ಲಿ ತಂದಿದ್ದಾನೆ.

ಗಾದೆಯನ್ನು ಸುಳ್ಳು ಮಾಡಲು ಹೊರಟವರೂ ಇದ್ದಾರೆ. 1909ರ ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ತಲೆಮಾರಿನ ವೈಮಾನಿಕ ಜೆ. ಟಿ. ಸಿ. ಮೂರ್-ಬ್ರಬಜಾನ್ ತನ್ನ ವಿಮಾನದ ರೆಕ್ಕೆಯ ಕಂಬಕ್ಕೆ ಬೆತ್ತದ ಬುಟ್ಟಿಯೊಂದನ್ನು ಕಟ್ಟಿ, ಒಳಗೆ ಹಂದಿಮರಿಯನ್ನು ಕೂರಿಸಿಕೊಂಡು ಕೆಂಟ್ ಪ್ರಾಂತ್ಯದ ಶೆಪ್ಪಿ ದ್ವೀಪದಲ್ಲಿ ಹಾರಿದ. ಹಾರಿದ ಮೊದಲ ಹಂದಿ ತಾನೇ ಎಂದು ಸಾರುವ ಫಲಕವೂ ಬುಟ್ಟಿಗೆ ಅಂಟಿತ್ತು. 1976ರ ಡಿಸೆಂಬರಿನಲ್ಲಿ ಪಿಂಕ್ ಫ್ಲಾಯ್ಡ್ ತಂಡ 'ಅನಿಮಲ್ಸ್' ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕಾಗಿ ಲಂಡನ್ನಿನ ಬ್ಯಾಟರ್ಸಿ ವಿದ್ಯುತ್ ಸ್ಥಾವರದ ಮೇಲೆ ಗಾಳಿ ತುಂಬಿದ ದೊಡ್ಡ ಹಂದಿಯನ್ನು ಕಟ್ಟಿತ್ತು. ಅದು ಹಗ್ಗ ಹರಿದುಕೊಂಡು ಹೀಥ್ರೂ ವಿಮಾನಗಳ ದಾರಿಗೆ ಅಡ್ಡ ಹೋಗಿ, ಕೊನೆಗೆ ಬಿದ್ದದ್ದು ಕೆಂಟ್‌ನ ಹೊಲವೊಂದರಲ್ಲಿ. ಆ ಪ್ರಾಂತ್ಯಕ್ಕೂ ಹಾರುವ ಹಂದಿಗೂ ಏನೋ ಋಣಾನುಬಂಧ ಇದ್ದಂತಿದೆ.

ಆಗದ್ದನ್ನು ಗೇಲಿ ಮಾಡುವ ಇದೇ ಕೆಲಸವನ್ನು ಫ್ರೆಂಚರು ಹಲ್ಲು ಮೂಡಿದ ಕೋಳಿಗೂ ರಷ್ಯನ್ನರು ಗುಡ್ಡದ ಮೇಲೆ ಶಿಳ್ಳೆ ಹೊಡೆಯುವ ಸಿಗಡಿಯಂಥ ಜೀವಿಗೂ ಒಪ್ಪಿಸಿದ್ದಾರೆ. ಕನ್ನಡಕ್ಕೆ ತರುವಾಗ 'ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ' ಎಂಬ ಗಾದೆ ಥಟ್ಟನೆ ನೆನಪಾಗುತ್ತದೆ, ಆದರೆ ಅದು ಗೇಲಿ ಮಾಡುವುದು 'ಹಾಗಾದರೆ, ಹೀಗಾದರೆ' ಎಂಬ ವ್ಯರ್ಥ ಲೆಕ್ಕಾಚಾರವನ್ನು. ಮೊಲದ ಕೊಂಬು, ಗಗನಕುಸುಮಗಳು ಇಲ್ಲದ ವಸ್ತುಗಳ ಹೆಸರುಗಳೇ ಹೊರತು ಎದುರುತ್ತರಗಳಲ್ಲ. ನಿಜಕ್ಕೂ ಹತ್ತಿರ ಬರುವುದು ನಮ್ಮ ಸಂಭಾವನಾರ್ಥಕ ಕ್ರಿಯಾಪದ. ಅದಕ್ಕೆ ಹಂದಿಯ ಹಂಗೂ ಬೇಡ. ಸಾಲಗಾರನ ಮಾತು ಕೇಳಿದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ, 'ಹೂಂ, ಕೊಟ್ಟಾನು, ಕೊಟ್ಟಾನು' ಎಂದರೆ ಅರ್ಥ ಪೂರ್ತಿ ಬಂತು.